ನೆವಿಲ್ ಹೋಲ್ರಾಯ್ಡನ ವಾರಕ್ಕೆ ನಲವತ್ತನಾಲ್ಕು ಪೈಂಟು

ನಮ್ಮ ಕ್ಲೆಗ್‌ಡೆನ್‌ನಲ್ಲಿ ಗಂಡಸಿನ ಯೋಗ್ಯತೆಯನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಬೌಲ್ಸ್ ಆಟದಲ್ಲಿ ಚೆಂಡನ್ನು ಎಷ್ಟು ನಾಜೂಕಾಗಿ ಉರುಳಿಸುತ್ತಾನೆ ಎಂಬುದು ಒಂದು. ಆಟ ಮುಗಿದ ಮೇಲೆ ಕ್ಲಬ್ಬಿನಲ್ಲಿ ಎಷ್ಟು ಕುಡಿದೂ ನೆಟ್ಟಗೆ ನಿಂತಿರುತ್ತಾನೆ ಎಂಬುದು ಇನ್ನೊಂದು. ನೆವಿಲ್ ಹೋಲ್ರಾಯ್ಡ್ ಮೊದಲನೆಯದರಲ್ಲಿ ತೀರಾ ಸಾಧಾರಣ. ಎರಡನೆಯದರಲ್ಲಿ ಅವನನ್ನು ಮೀರಿಸಿದವರು ಇಡೀ ಕಣಿವೆಯಲ್ಲಿ ಇರಲಿಲ್ಲ.

ಮೂವತ್ತೊಂದು ವರ್ಷ ಅವನು ಆ ಕೌಂಟರಿಗೆ ಮೊಣಕೈ ಊರಿ, ಕಪ್ಪು ಬಿಯರಿನ ಪೈಂಟುಗಳನ್ನು, ಅಂದರೆ ಅರ್ಧ ಲೀಟರಿಗೂ ಮೀರಿದ ದೊಡ್ಡ ಲೋಟಗಳನ್ನು, ಒಂದರ ಹಿಂದೊಂದು ಇಳಿಸಿದ. ಒಂದು ದಿನವೂ ನಾಲಿಗೆ ತೊದಲಲಿಲ್ಲ, ಕಾಲು ತಡವರಿಸಲಿಲ್ಲ. ಹೊಸದಾಗಿ ಸೇರಿದವರಿಗೆ ಕ್ಲಬ್ಬಿನ ನಾಯಕ ಟೆರೆನ್ಸ್ ಸಗ್ಡನ್ ಮೊದಲು ಹುಲ್ಲುಹಾಸು ತೋರಿಸುತ್ತಿದ್ದ, ಆಮೇಲೆ ನೆವಿಲ್‌ನನ್ನು ತೋರಿಸುತ್ತಿದ್ದ.

ಆದರೆ ಆ ಲೋಟದಲ್ಲಿದ್ದದ್ದು ಬಿಯರ್ ಅಲ್ಲ. ಬರ್ಡಾಕ್ ಬೇರಿನ ಶರಬತ್ತು. ಬಣ್ಣ ಕಪ್ಪು, ಮೇಲೆ ನೊರೆ, ಒಳಗೆಲ್ಲ ಸಕ್ಕರೆ. ನಮ್ಮಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವಂಥದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ ಡಿಪೋ ಸೇರಿದ ದಿನ ನೆವಿಲ್ ಅರ್ಧ ಲೋಟ ಬಿಯರ್ ಕುಡಿದು ಇನ್‌ಸ್ಪೆಕ್ಟರರ ಟೋಪಿಯೊಳಗೆ ವಾಂತಿ ಮಾಡಿಕೊಂಡಿದ್ದ. ಅಂದಿಗೆ ಮದ್ಯಕ್ಕೂ ಅವನಿಗೂ ಋಣ ಹರಿದಿತ್ತು. ಈ ಗುಟ್ಟು ಗೊತ್ತಿದ್ದದ್ದು ಕೌಂಟರಿನ ಕೆಳಗೆ ಅವನಿಗೆಂದೇ ಬಾಟಲಿ ಇಟ್ಟುಕೊಂಡಿದ್ದ ಮೊರೀನ್ ಒಬ್ಬಳಿಗೆ. ಹೊರಗೆ ಬಿಡುವುದಿಲ್ಲವೆಂದು ಅವಳು ತನ್ನ ಬೆಕ್ಕಿನ ಮೇಲೆ ಆಣೆ ಇಟ್ಟಿದ್ದಳು.

ಕಳೆದ ಜೂನ್‌ನಲ್ಲಿ ಬೇಲಿ ಕತ್ತರಿಸುತ್ತಿದ್ದಾಗ ನೆವಿಲ್‌ನ ಬಲಗೈಗೆ ಕುದುರೆನೊಣ ಕಚ್ಚಿತು. ನಾಲ್ಕು ದಿನದಲ್ಲಿ ಕೈ ಬನ್ನಿನಂತೆ ಊದಿ ಕೆಂಪಾಯಿತು. ಅವನ ಹೆಂಡತಿ ಗ್ಲೆನಿಸ್ ಬೆಳಗ್ಗೆ ಎಂಟು ಹೊಡೆಯುತ್ತಲೇ ಕ್ಲಿನಿಕ್ಕಿಗೆ ಫೋನ್ ಹಚ್ಚಿದಳು. ‘ನೀವು ಸಾಲಿನಲ್ಲಿ ಮೂವತ್ತೇಳನೆಯವರು’ ಎಂದು ಯಂತ್ರ ಹೇಳಿತು. ಮೂವತ್ತೇಳು ಒಂದಾಗುವ ಹೊತ್ತಿಗೆ ಅಂದು ಡಾಕ್ಟರನ್ನು ಕಾಣುವ ಸಮಯವೆಲ್ಲ ಮುಗಿದಿತ್ತು.

“ಔಷಧಿ ಅಂಗಡಿಗೆ ಹೋಗು. ಇಂಥದ್ದಕ್ಕೆಲ್ಲ ಈಗ ಅಲ್ಲೇ ನೋಡಿ ಮಾತ್ರೆ ಕೊಡ್ತಾರಂತೆ” ಎಂದಳು ಗ್ಲೆನಿಸ್.

ಸೇತುವೆ ಪಕ್ಕದ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಫರ್ಹಾನಾ ಮಿರ್ಜಾ ನಮ್ಮ ಊರಲ್ಲೇ ಹುಟ್ಟಿ ಬೆಳೆದವಳು. ಶಾಲೆಗೆ ಹೋಗುತ್ತಿದ್ದಾಗ ನೆವಿಲ್‌ನದೇ ಬಸ್ಸು. ಅವಳು ಕೈ ನೋಡಿ, “ಬನ್ನಿ ಮಿಸ್ಟರ್ ಹೋಲ್ರಾಯ್ಡ್, ಒಳಗಿನ ಕೋಣೆಗೆ ಹೋಗೋಣ. ಒಂದಷ್ಟು ಪ್ರಶ್ನೆ ಕೇಳ್ಬೇಕು” ಎಂದಳು.

ಆ ಕೋಣೆಯ ವಿಷಯದಲ್ಲಿ ನೆವಿಲ್‌ನಿಗೆ ತನ್ನದೇ ಆದ ಅಭಿಪ್ರಾಯವಿತ್ತು. ಹೇಳಬಾರದ ಕಡೆ ತುರಿಕೆ ಇರುವವರು ಮಾತ್ರ ಅಲ್ಲಿಗೆ ಹೋಗುತ್ತಾರೆ ಎಂದು ಅವನು ನಂಬಿದ್ದ. ಅಂಗಡಿಯಲ್ಲಿ ಆಗ ಆರು ಜನರಿದ್ದರು. ಬಾಗಿಲ ಬಳಿ ನೋವಿನ ಎಣ್ಣೆಗೆ ನಿಂತಿದ್ದವನು ನಾನೇ.

“ನನಗ್ಯಾವ ಗುಟ್ಟೂ ಇಲ್ಲ ತಾಯಿ. ಇಲ್ಲೇ ಕೇಳು!” ಎಂದ ನೆವಿಲ್, ಆರೂ ಜನರಿಗೆ ಕೇಳುವಂತೆ.

“ಒಳಗಾದ್ರೆ ಒಳ್ಳೇದಿತ್ತು.”

“ಇಲ್ಲೇ!”

ಅವಳು ಕೇಳಿದಳು. ಜ್ವರವಿದೆಯೇ, ಪೆನ್ಸಿಲಿನ್ ಒಗ್ಗುತ್ತದೆಯೇ, ಬೇರೆ ಮಾತ್ರೆ ಉಂಟೇ. ರಕ್ತದೊತ್ತಡವನ್ನೂ ನೋಡಿದಳು. ಎಲ್ಲ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಗುಟ್ಟಿ ಟೆರೆನ್ಸ್ ಸಗ್ಡನ್ ಒಳಗೆ ಬಂದ. ಕಟುಕನ ಅಂಗಡಿ ನಡೆಸಿ ನಿವೃತ್ತನಾದ ಅವನಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ಹುಟ್ಟಿನಿಂದಲೇ ಇಲ್ಲ.

“ಏನಯ್ಯಾ ನೆವಿಲ್, ಸಾಯ್ತಿದ್ದೀಯಾ?”

“ಮದ್ಯ ತಗೋತೀರಾ?” ಎಂದು ಕೇಳಿದಳು ಫರ್ಹಾನಾ, ಅದೇ ಗಳಿಗೆಯಲ್ಲಿ.

ಸಗ್ಡನ್ ಗಹಗಹಿಸಿ ನಕ್ಕ. “ತಗೋತಾನಾ ಅಂತ ಕೇಳ್ತಾಳಲ್ಲ! ಹೇಳಪ್ಪಾ, ಹೇಳು!”

ನೆವಿಲ್ ಎದೆ ಸೆಟೆಸಿದ. “ಆರು ಪೈಂಟು.”

“ವಾರಕ್ಕಾ?”

ಪ್ರಶ್ನೆ ಸರಳವಾಗಿತ್ತು. ಹೌದು ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಿಂದೆ ಸಗ್ಡನ್‌ನ ಉಸಿರು ಕುತ್ತಿಗೆಗೆ ಬಡಿಯುತ್ತಿತ್ತು.

“ದಿನಕ್ಕೆ!” ಎಂದ ನೆವಿಲ್. ಅದೂ ಸಾಲದೆನಿಸಿ, “ಭಾನುವಾರ ಎಂಟು” ಎಂದು ಸೇರಿಸಿದ.

ಫರ್ಹಾನಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. “ಮಿಸ್ಟರ್ ಹೋಲ್ರಾಯ್ಡ್, ನಾನು ಬರೆಯೋದೆಲ್ಲ ನಿಮ್ಮ ಡಾಕ್ಟರ ಹತ್ರ ಇರೋ ನಿಮ್ಮ ದಾಖಲೆಗೆ ಹೋಗುತ್ತೆ. ಪರವಾಗಿಲ್ವಾ?”

“ಕಳಿಸು, ಕಳಿಸು. ಅರಮನೆಗೂ ಒಂದು ಪ್ರತಿ ಕಳಿಸು!”

ಅಂಗಡಿಯಲ್ಲಿ ಎಲ್ಲರೂ ನಕ್ಕರು. ನೆವಿಲ್‌ನ ಅಂದಾಜಿನಲ್ಲಿ ದಾಖಲೆ ಎಂದರೆ ಒಂದು ಕಾಗದ. ಅದು ಅಂಚೆಯಲ್ಲಿ ಕ್ಲಿನಿಕ್ಕಿಗೆ ಹೋಗುತ್ತದೆ, ಸ್ವಾಗತಕಾರಿಣಿ ಮಿಸೆಸ್ ಟಾಟರ್ಸಾಲ್ ಅದನ್ನು ಒಂದು ಡ್ರಾಯರಿಗೆ ತುರುಕುತ್ತಾಳೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಮಿಸೆಸ್ ಟಾಟರ್ಸಾಲ್ ಮೇಲೆ ಅವನಿಗೆ ಅಷ್ಟು ನಂಬಿಕೆ. ಆದರೆ ಫರ್ಹಾನಾ ಒಂದು ಗುಂಡಿ ಒತ್ತಿದಳು. ನೆವಿಲ್ ಮಾತ್ರೆಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಸೇತುವೆ ದಾಟುವಷ್ಟರಲ್ಲಿ ಅವನ ನಲವತ್ತನಾಲ್ಕು ಪೈಂಟುಗಳು ಬೆಟ್ಟ ಹತ್ತಿ ಡಾಕ್ಟರ ಕಂಪ್ಯೂಟರನ್ನು ಸೇರಿಯಾಗಿತ್ತು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನಿಂದ ಫೋನ್ ಬಂತು. ಈ ವಾಕ್ಯವನ್ನು ಓದುಗರು ಇನ್ನೊಮ್ಮೆ ಓದಿಕೊಳ್ಳಬೇಕು. ಕ್ಲಿನಿಕ್ಕೇ ಫೋನ್ ಮಾಡಿತು. ಕ್ಲೆಗ್‌ಡೆನ್‌ನ ಚರಿತ್ರೆಯಲ್ಲಿ ಹೀಗಾದದ್ದು ಯಾರಿಗೂ ನೆನಪಿಲ್ಲ.

“ಮಿಸ್ಟರ್ ಹೋಲ್ರಾಯ್ಡ್ ಇವತ್ತು ಒಂಬತ್ತೂ ಹತ್ತಕ್ಕೆ ಬರಬೇಕು ಅಂತ ಡಾಕ್ಟರ್ ಪ್ರಿಂಗಲ್ ಹೇಳಿದ್ದಾರೆ” ಎಂದಳು ಮಿಸೆಸ್ ಟಾಟರ್ಸಾಲ್.

“ಇವತ್ತಾ?” ಗ್ಲೆನಿಸ್ ಕುರ್ಚಿ ಹಿಡಿದುಕೊಂಡಳು. “ಇವತ್ತೇ ಅಂದ್ರೆ... ಎಷ್ಟು ದಿನ ಇದೆಯಂತೆ ಅವನಿಗೆ?”

ಡಾಕ್ಟರ್ ಮೋರಾಗ್ ಪ್ರಿಂಗಲ್ ಸ್ಕಾಟ್ಲೆಂಡಿನ ದ್ವೀಪವೊಂದರಿಂದ ಬಂದವರು. ಇಪ್ಪತ್ತಾರು ವರ್ಷದಿಂದ ನಮ್ಮೂರಿನ ಸುಳ್ಳುಗಳನ್ನು ಕೇಳಿಸಿಕೊಂಡು ಅವರ ಎಡಹುಬ್ಬು ಕಾಯಮ್ಮಾಗಿ ಅರ್ಧ ಇಂಚು ಮೇಲಕ್ಕೇರಿಬಿಟ್ಟಿದೆ. ನೆವಿಲ್ ಕೂತ ಕೂಡಲೆ ಅವರು ಪರದೆಯನ್ನು ಅವನ ಕಡೆಗೆ ತಿರುಗಿಸಿದರು. ಅಲ್ಲಿ ಎಲ್ಲವೂ ಇತ್ತು. ನೊಣ, ಕೈ, ಮಾತ್ರೆ, ರಕ್ತದೊತ್ತಡ, ಅದರ ಕೆಳಗೆ: ದಿನಕ್ಕೆ ಆರು, ಭಾನುವಾರ ಎಂಟು.

“ಇದು ನಿಮ್ಮದೇ ಮಾತಾ?”

“ಮಾತು ನಂದೇ. ಆದ್ರೆ ಸುಳ್ಳು” ಎಂದ ನೆವಿಲ್. ಬಾಗಿಲು ಮುಚ್ಚಿತ್ತು, ಸಗ್ಡನ್ ಇರಲಿಲ್ಲ. ಸತ್ಯ ಹೇಳಲು ಅಡ್ಡಿಯಿರಲಿಲ್ಲ. “ನಾನು ಒಂದು ತೊಟ್ಟೂ ಮುಟ್ಟೋನಲ್ಲ ಡಾಕ್ಟ್ರೇ.”

“ಒಂದು ತೊಟ್ಟೂ?”

“ಒಂದೇ ಒಂದು ತೊಟ್ಟೂ.”

ಹುಬ್ಬು ಇನ್ನೂ ಮೇಲಕ್ಕೆ ಹೋಯಿತು. “ಮಿಸ್ಟರ್ ಹೋಲ್ರಾಯ್ಡ್, ದಿನಕ್ಕೊಂದು ಕುಡಿಯೋರು ನನ್ನ ಹತ್ರ ವಾರಕ್ಕೊಂದು ಅಂತಾರೆ. ದಿನಕ್ಕೆ ಮೂರು ಕುಡಿಯೋರು ಹಬ್ಬಕ್ಕೊಂದು ಅಂತಾರೆ. ಒಂದು ತೊಟ್ಟೂ ಮುಟ್ಟಲ್ಲ ಅಂತ ಮೇಜು ಗುದ್ದಿ ಹೇಳೋರಿದ್ದಾರಲ್ಲ, ಅವರನ್ನ ಕಂಡ್ರೆ ನನಗೆ ನಿಜವಾಗ್ಲೂ ಭಯ.”

“ನಾನು ಮೇಜು ಗುದ್ದಲಿಲ್ಲ!” ಎಂದು ನೆವಿಲ್ ಮೇಜು ಗುದ್ದಿದ.

ಡಾಕ್ಟರು ಟೈಪ್ ಮಾಡಿದರು: ರೋಗಿ ನಿರಾಕರಿಸುತ್ತಾರೆ. ಸಿಟ್ಟು ಬೇಗ ಬರುತ್ತದೆ.

ಅಷ್ಟಕ್ಕೇ ನಿಂತಿದ್ದರೆ ನೆವಿಲ್ ತಡೆದುಕೊಳ್ಳುತ್ತಿದ್ದ. ಆದರೆ ಆ ಮೇಜಿನ ಮೇಲೆ ಇನ್ನೊಂದು ಹಾಳೆಯಿತ್ತು. ಡಿಪೋದಿಂದ ನಿವೃತ್ತನಾದ ಮೇಲೆ ಅವನು ವೃದ್ಧರ ಮಿನಿಬಸ್ ಓಡಿಸುತ್ತಿದ್ದ. ಪ್ರತಿ ಗುರುವಾರ ಬೆಟ್ಟದ ಮೇಲಿನ ಬೀದಿಗಳಿಂದ ಹನ್ನೊಂದು ಜನರನ್ನು ಊಟದ ಕ್ಲಬ್ಬಿಗೆ ಇಳಿಸಿ, ತಿರುಗಿ ಮನೆ ಮುಟ್ಟಿಸುವ ಕೆಲಸ. ಸಂಬಳವಿಲ್ಲ. ಆದರೆ ಆ ಚಕ್ರದ ಮುಂದೆ ಕೂತಾಗ ಅವನು ಮತ್ತೆ ಮನುಷ್ಯನಾಗುತ್ತಿದ್ದ. ಉಳಿದ ಆರು ದಿನ ಬೇಲಿ ಕತ್ತರಿಸುವ ಮುದುಕ. ಮುಂದಿನ ತಿಂಗಳು ಅವನಿಗೆ ಎಪ್ಪತ್ತು ತುಂಬಲಿತ್ತು. ಎಪ್ಪತ್ತಾದ ಮೇಲೂ ಮಿನಿಬಸ್ ಓಡಿಸಬೇಕಾದರೆ ಡಾಕ್ಟರ ಸಹಿ ಬೇಕು.

“ರಕ್ತ ಪರೀಕ್ಷೆ ಆಗೋವರೆಗೆ ಇದಕ್ಕೆ ನಾನು ಸಹಿ ಹಾಕಲ್ಲ” ಎಂದರು ಡಾಕ್ಟರ್ ಪ್ರಿಂಗಲ್, ಹಾಳೆಯನ್ನು ಮಗುಚಿಟ್ಟು. “ಅಲ್ಲೀವರೆಗೆ ಆ ಬಸ್ಸಿನ ಹತ್ರ ಹೋಗ್ಬೇಡಿ. ಸಂಘದವರಿಗೆ ನೀವೇ ತಿಳಿಸಿ. ನಿಮ್ಮ ಕಾಲ್ಬೆರಳು ಹೇಗಿವೆ?”

“ನನ್ನ ಕಾಲ್ಬೆರಳಿಗೂ ನಿಮಗೂ ಏನು ಸಂಬಂಧ?” ಎಂದು ಎದ್ದ ನೆವಿಲ್. “ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನೂ ನಿಮಗೆ ತೊಂದ್ರೆ ಕೊಟ್ಟಿಲ್ಲ ನಾನು. ನನ್ನ ಮಾತಿಗಿಂತ ಆ ಡಬ್ಬದ ಮಾತು ಹೆಚ್ಚಾಯ್ತಾ ನಿಮಗೆ?”

“ಡಬ್ಬದಲ್ಲಿರೋದೂ ನಿಮ್ಮ ಮಾತೇ.”

ನೆವಿಲ್ ಬಾಗಿಲನ್ನು ಬಡಿಯಲೆಂದೇ ಎಳೆದು ಹೊರಟ. ಅದು ತಾನೇ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲಾದ್ದರಿಂದ ಬಡಿಯಲೂ ಆಗಲಿಲ್ಲ. ಆದರೂ ಹೋಗುವಾಗ ದಾದಿಗೆ ತೋಳು ಚಾಚಿ ಮೂರು ಸೀಸೆ ರಕ್ತ ಕೊಟ್ಟು, “ತಗೊಳ್ಳಿ, ಇನ್ನೂ ಬೇಕಾದ್ರೆ ತಗೊಳ್ಳಿ!” ಎಂದ.

ಮಿನಿಬಸ್ ಸಂಘದ ಕಾರ್ಯದರ್ಶಿ ರೂಪರ್ಟ್ ವೈನ್‌ರೈಟ್ ಮನೆಯೊಳಗೂ ರಸ್ತೆ ಕೆಲಸದವರ ಹೊಳೆಯುವ ಹಳದಿ ಅಂಗಿ ತೊಟ್ಟುಕೊಂಡಿರುವ ಜಾತಿಯ ಮನುಷ್ಯ. ಅವನು ಯಾರ ಗುಟ್ಟನ್ನೂ ಬಿಟ್ಟುಕೊಡಲಿಲ್ಲ. ‘ವೈದ್ಯಕೀಯ ಕಾರಣಗಳಿಂದ ಚಾಲಕರನ್ನು ಬದಲಾಯಿಸಲಾಗಿದೆ’ ಎಂದಷ್ಟೇ ಬರೆದು, ಪ್ಲಾಸ್ಟಿಕ್ ಹೊದಿಸಿ, ಬಸ್ ನಿಲ್ದಾಣಕ್ಕೆ ಅಂಟಿಸಿದ. ಆ ಹಾಳೆಯನ್ನೂ ಔಷಧಿ ಅಂಗಡಿಯಲ್ಲಿ ತಾನು ಕೇಳಿದ್ದನ್ನೂ ಸಗ್ಡನ್ ಜೋಡಿಸಿದ. ಸಗ್ಡನ್ ಜೋಡಿಸಿದ್ದು ಹನ್ನೆರಡು ಗಂಟೆಗೆ. ಒಂದು ಗಂಟೆಗೆ ಊರಿಗೆಲ್ಲ ಗೊತ್ತು.

ಆಮೇಲಿನ ವಾರ ನೆವಿಲ್‌ನ ಪಾಲಿಗೆ ವಿಚಿತ್ರವಾಗಿತ್ತು. ಎದುರು ಮನೆಯಾಕೆ ಕುಡಿತ ಬಿಡಿಸುವ ಸಂಘದ ಕರಪತ್ರವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಹೋದಳು. ಪಾದ್ರಿಯಮ್ಮ ಬಂದು ಅರ್ಧ ಗಂಟೆ ಅವನ ಗುಲಾಬಿ ಗಿಡಗಳನ್ನು ಹೊಗಳಿ, ಏನೂ ಹೇಳದೆ, ಹೋಗುವಾಗ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದರು, ಅದೂ ನೊಣ ಕಚ್ಚಿದ ಕೈಯನ್ನೇ. ಬೌಲ್ಸ್ ಕ್ಲಬ್ಬಿನಲ್ಲಿ ಮಾತ್ರ ಅವನು ವೀರನಾದ. ಸಗ್ಡನ್ ಕುರ್ಚಿ ಹತ್ತಿ ಭಾಷಣ ಮಾಡಿದ.

“ಇವತ್ತು ನೆವಿಲ್! ನಾಳೆ ನೀವು! ಒಬ್ಬ ಮನುಷ್ಯ ಅಂಗಡೀಲಿ ಒಂದು ಮಾತಾಡಿದ್ರೆ ಅದು ಬೆಟ್ಟದ ಮೇಲಿನ ಡಾಕ್ಟರಿಗೆ ಯಾಕೆ ಹೋಗ್ಬೇಕು? ನಮ್ಮ ಗುಟುಕು ಲೆಕ್ಕ ಹಾಕೋಕೆ ಇವರ್ಯಾರು? ಕುಡೀತೀವಿ! ಇನ್ನೂ ಕುಡೀತೀವಿ! ಮೊರೀನ್, ಅವನಿಗೊಂದು ತುಂಬ್ಸು!”

ಮೊರೀನ್ ತಲೆ ತಗ್ಗಿಸಿ ಕೌಂಟರಿನ ಕೆಳಗೆ ಬಗ್ಗಿ ಶರಬತ್ತು ತುಂಬಿಸಿದಳು. ನೆವಿಲ್ ಅದನ್ನು ಕುಡಿದ. ಚಪ್ಪಾಳೆ ಬಿತ್ತು. ಕ್ಲಿನಿಕ್ಕಿನಲ್ಲಿ ಸತ್ಯ ಹೇಳಿ ನಂಬಿಸಲಾರದೆ, ಕ್ಲಬ್ಬಿನಲ್ಲಿ ಸುಳ್ಳು ಬಿಡಲಾರದೆ, ಅವನು ಎರಡೂ ಕಡೆ ಒಂದೇ ಗತ್ತಿನಿಂದ ನಿಂತಿದ್ದ. ಆ ಗತ್ತಿನ ಹಿಂದೆ ಎಷ್ಟು ಬೆವರಿತ್ತೆಂಬುದು ಅವನ ಅಂಗಿಗೆ ಗೊತ್ತು.

ಈ ಮಧ್ಯೆ ನಮಗೆ, ಅಂದರೆ ಆ ಹನ್ನೊಂದು ಪ್ರಯಾಣಿಕರಿಗೆ, ಪಕ್ಕದ ಕಣಿವೆಯಿಂದ ಹೊಸ ಚಾಲಕನೊಬ್ಬ ಬಂದ. ಸಾಧು ಮನುಷ್ಯ. ಮೂರನೆಯ ಗೇರು ಎಂಬುದೊಂದು ಇದೆಯೆಂದು ಅವನಿಗೆ ಯಾರೂ ಹೇಳಿದಂತಿರಲಿಲ್ಲ. ನಾವು ಊಟದ ಕ್ಲಬ್ಬು ಮುಟ್ಟುವ ಹೊತ್ತಿಗೆ ಮಾಂಸದ ಕಡುಬು ಮುಗಿದಿತ್ತು, ಕಸ್ಟರ್ಡಿನ ಮೇಲೆ ಪೊರೆ ಕಟ್ಟಿತ್ತು. ಮುಂದಿನ ಸಾಲಿನ ಐಡಾ ಬಟರ್‌ವರ್ತ್ ಆ ಪೊರೆಯನ್ನು ಚಮಚದಿಂದ ಎತ್ತಿ ವೈನ್‌ರೈಟ್‌ನ ಮೂಗಿನ ಕೆಳಗೆ ಹಿಡಿದಳು. ಐಡಾಗೆ ತೊಂಬತ್ತೊಂದು. ನಲವತ್ತು ವರ್ಷ ಗಿರಣಿಯಲ್ಲಿ ಮಗ್ಗಗಳ ಸದ್ದಿನ ಮೇಲೆ ಕೂಗಿದ ಗಂಟಲು ಅವಳದು.

ಎರಡನೆಯ ಗುರುವಾರ ಹನ್ನೊಂದು ಗಂಟೆಗೆ ನಾವೆಲ್ಲ ಬಸ್ಸು ಹತ್ತಿದೆವು. ಹೊಸ ಚಾಲಕ ಹತ್ತಲು ಬಂದಾಗ ಐಡಾ ತನ್ನ ಊರುಗೋಲನ್ನು ಬಾಗಿಲಿಗೆ ಅಡ್ಡ ಇಟ್ಟಳು.

“ನೀನು ಬೇಡ ಕಣಪ್ಪಾ. ಬೇಜಾರು ಮಾಡ್ಕೋಬೇಡ. ನೆವಿಲ್‌ನ ಕರೆಸಿ.”

ವೈನ್‌ರೈಟ್ ಓಡಿ ಬಂದ. “ಮಿಸೆಸ್ ಬಟರ್‌ವರ್ತ್, ದಯವಿಟ್ಟು ಕೋಲು ತೆಗೀರಿ. ನಿಯಮ ಅಂತ ಒಂದಿದೆ.”

“ನನ್ನ ಹತ್ರ ಕೋಲು ಅಂತ ಒಂದಿದೆ.”

“ಊಟ ತಪ್ಪುತ್ತೆ ನಿಮಗೆ.”

“ಹೋದ ವಾರಾನೂ ತಪ್ಪಿತು. ಅಭ್ಯಾಸ ಆಗಿದೆ.”

ಹನ್ನೊಂದು ಜನರ ಒಟ್ಟು ವಯಸ್ಸು ಒಂಬೈನೂರ ಚಿಲ್ಲರೆ. ಅಷ್ಟು ವರ್ಷಗಳನ್ನು ಒಂದು ಬಸ್ಸಿನಿಂದ ಎಳೆದು ಇಳಿಸುವ ಧೈರ್ಯ ವೈನ್‌ರೈಟ್‌ಗೆ ಬರಲಿಲ್ಲ. ಹನ್ನೊಂದೂವರೆಗೆ ಅರ್ಧ ಊರು ನೆರೆಯಿತು. ಸಗ್ಡನ್ ಕ್ಲಬ್ಬಿನವರನ್ನೆಲ್ಲ ಕರೆತಂದ. ಮೊರೀನ್ ಏಪ್ರನ್ ಬಿಚ್ಚದೆ ಹಾಗೇ ಬಂದಳು. ಫರ್ಹಾನಾ ಔಷಧಿ ಚೀಲ ಮುಟ್ಟಿಸಲು ಹೊರಟವಳು ಅಲ್ಲೇ ನಿಂತಳು. ಕೊನೆಗೆ ಯಾರೋ ಹೇಳಿ ಕಳಿಸಿ ನೆವಿಲ್ ಮತ್ತು ಗ್ಲೆನಿಸ್ ಬಂದರು. ಬೇಡ, ಸುಮ್ಮನೆ ಹೋಗಿ ಊಟ ಮಾಡಿ ಎಂದು ನಮ್ಮನ್ನು ಒಪ್ಪಿಸಲು ಬಂದಿದ್ದ ಅವನು. ಐಡಾ ಬಾಯಿ ತೆರೆಯದಿದ್ದರೆ ಹಾಗೇ ಆಗುತ್ತಿತ್ತೇನೋ.

“ನೋಡಿ, ಬಂದ! ಕೇಳಯ್ಯಾ ಹಳದಿ ಅಂಗಿ!” ಎಂದು ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. “ಈ ಹುಡುಗ ಒಂಬತ್ತು ವರ್ಷದಿಂದ ನನ್ನ ಕರ್ಕೊಂಡು ಹೋಗ್ತಿದ್ದಾನೆ. ಪ್ರತೀಸಲ ಕಂಠಪೂರ್ತಿ ಕುಡಿದೇ ಓಡ್ಸಿದ್ದಾನೆ. ಒಂದು ಸಲಾನಾದ್ರೂ ಗೋಡೆಗೆ ಗುದ್ದಿದ್ನಾ? ನಿಮ್ಮ ಕುಡೀದೇ ಇರೋನಿಗಿಂತ ನಮ್ಮ ಕುಡುಕ ಮೇಲು!”

“ಸರಿಯಾಗಿ ಹೇಳ್ದೆ!” ಎಂದು ಸಗ್ಡನ್ ಗುಡುಗಿದ. ಜನ ಹೋ ಎಂದರು.

ನೆವಿಲ್‌ನ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. ಕುಡುಕ ಎಂದರೆ ಅವನಿಗೆ ಹೆಮ್ಮೆ. ಕುಡಿದು ಬಸ್ ಓಡಿಸಿದ ಎಂದರೆ? ಡಿಪೋದ ನಲವತ್ತು ವರ್ಷ, ಮಿನಿಬಸ್ಸಿನ ಒಂಬತ್ತು ವರ್ಷ, ಅವನ ಹೆಸರಿಗೆ ಒಂದು ಗೀರೂ ಇರಲಿಲ್ಲ. ಬದುಕಿನಲ್ಲಿ ಅವನು ನಿಜವಾಗಿ ಚೆನ್ನಾಗಿ ಮಾಡಿದ್ದು ಅದೊಂದೇ. ಅದನ್ನು ಈಗ ಅವನ ಅಭಿಮಾನಿಗಳೇ ಬೀದಿಯಲ್ಲಿ ಕೆಸರಿಗೆ ಅದ್ದುತ್ತಿದ್ದರು.

“ಮುಚ್ಚು ಬಾಯಿ, ಐಡಾ!” ಎಂದು ಅವನು ಕೂಗಿದ. ಐಡಾಗೆ ಹೀಗೆ ಹೇಳಿದವರು ಬದುಕಿ ಉಳಿದಿಲ್ಲವೆಂಬ ಪ್ರತೀತಿಯಿದೆ. “ಕುಡಿದು ಓಡ್ಸಿದ್ನಾ ನಾನು? ಹನ್ನೊಂದು ಜೀವ ಹಿಂದೆ ಕೂರ್ಸಿಕೊಂಡು? ಕೇಳಿ ಎಲ್ಲರೂ! ನಾನು ಜೀವಮಾನದಲ್ಲಿ ಕುಡಿದಿರೋದು ಅರ್ಧ ಲೋಟ ಬಿಯರ್! ಅದೂ ಒಳಗೆ ಉಳೀಲಿಲ್ಲ! ಆ ಕ್ಲಬ್ಬಲ್ಲಿ ನಾನು ಕುಡಿಯೋದು ಬರ್ಡಾಕ್ ಶರಬತ್ತು! ಗೊತ್ತಾಯ್ತಾ? ಶರಬತ್ತು!”

ಸಗ್ಡನ್ ಕಣ್ಣೊರೆಸಿಕೊಂಡ.

“ನೋಡಿ, ಎಂಥಾ ಸ್ಥಿತಿಗೆ ತಂದುಬಿಟ್ರು ಅವನನ್ನ. ಲೈಸೆನ್ಸಿಗೋಸ್ಕರ ಮಾನಾನೇ ಕಳ್ಕೊಳ್ತಿದ್ದಾನೆ ಪಾಪ!”

“ನಿಜ ಕಣೋ! ಮೊರೀನ್‌ನ ಕೇಳು!”

ಎಲ್ಲರೂ ಮೊರೀನ್ ಕಡೆ ತಿರುಗಿದರು. ಮೊರೀನ್ ನೆವಿಲ್‌ನನ್ನು ನೋಡಿದಳು. ಬೆಕ್ಕಿನ ಮೇಲಿನ ಆಣೆ ಅವಳಿಗೆ ನೆನಪಾಗಿರಬೇಕು. ಗದ್ದ ಎತ್ತಿ, ಕೋರ್ಟಿನಲ್ಲಿ ನಿಂತವಳಂತೆ ಹೇಳಿದಳು:

“ಮೀನು ನೀರು ಕುಡಿದ ಹಾಗೆ ಕುಡೀತಾನೆ. ನಾನೇ ಸಾಕ್ಷಿ.”

“ಮೊರೀನ್!”

“ಹೆದರಬೇಡ ನೆವಿಲ್. ನಾನು ಬಾಯಿ ಬಿಡಲ್ಲ.”

“ಬಿಡು ತಾಯಿ! ಬಿಡು ಅಂತಾನೇ ಹೇಳ್ತಿರೋದು! ಆಣೆ ವಾಪಸ್ ತಗೊಂಡೆ!”

“ಬೆಕ್ಕಿಗೇನೂ ಆಗಲ್ವಾ?”

“ಏನೂ ಆಗಲ್ಲ!”

ಮೊರೀನ್ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. “ಹಾಗಾದ್ರೆ ಅವನು ಹೇಳಿದ್ದೇ ಸರಿ. ಮೂವತ್ತೊಂದು ವರ್ಷದಿಂದ ಶರಬತ್ತು. ನೊರೆ ಕಮ್ಮಿಯಾದ್ರೆ ಚಮಚ ಹಾಕಿ ಕದಡ್ತಿದ್ದೆ.”

ಸಗ್ಡನ್ ತಲೆಯ ಟೋಪಿ ತೆಗೆದು ಎದೆಗೆ ಹಿಡಿದ, ಶವಯಾತ್ರೆ ಹಾದುಹೋಗುವಾಗ ಹಿಡಿಯುವಂತೆ. “ಶರಬತ್ತು” ಎಂದ ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದನ್ನು ನಮ್ಮೂರು ಕೇಳಿದ್ದು ಅದೇ ಮೊದಲು. “ನನ್ನ ಮಗನ ಮದುವೇಲೂ?”

“ಅವತ್ತೂ” ಎಂದ ನೆವಿಲ್.

“ನಮ್ಮಪ್ಪ ಸತ್ತ ದಿನ, ರಾತ್ರಿಯೆಲ್ಲ ನನ್ನ ಜೊತೆ ಕೂತು ಕುಡಿದ್ಯಲ್ಲಾ...”

“ಶರಬತ್ತೇ ಟೆರೆನ್ಸ್. ಆದ್ರೆ ಕೂತಿದ್ದು ನಿಜ.”

ನೆವಿಲ್ ಹೆಂಡತಿಯ ಕಡೆ ತಿರುಗಿ, “ಗ್ಲೆನಿಸ್, ನಿನಗೂ ಹೇಳಿರಲಿಲ್ಲ...” ಎಂದು ತಡವರಿಸಿದ.

“ಅಯ್ಯೋ ಸುಮ್ನಿರು” ಎಂದಳು ಗ್ಲೆನಿಸ್. “ಮೂವತ್ತೊಂದು ವರ್ಷ ನಿನ್ನ ಅಂಗಿ ಒಗೆದಿದ್ದೀನಿ. ಬಿಯರ್ ಕಲೆಗೆ ಇರುವೆ ಮುತ್ತುತ್ತಾ? ನಿನಗೆ ಖುಷಿಯಾಗಿತ್ತು, ನಾನು ಸುಮ್ನಿದ್ದೆ.”

ಗುಂಪಿನ ಅಂಚಿನಲ್ಲಿ ನಿಂತಿದ್ದ ಫರ್ಹಾನಾ ಮಾತ್ರ ನಗಲಿಲ್ಲ. ಹತ್ತಿರ ಬಂದು, “ಮಿಸ್ಟರ್ ಹೋಲ್ರಾಯ್ಡ್, ಎಷ್ಟು ಲೋಟ? ನಿಜ ಹೇಳಿ. ಶರಬತ್ತು ದಿನಕ್ಕೆ ಎಷ್ಟು ಲೋಟ?” ಎಂದಳು.

“ಕ್ಲಬ್ಬಲ್ಲಿ ಆರು. ಮನೇಲಿ... ಒಂದೆರಡು.”

“ಬೇಲಿ ಹಿಂದೆ ಬಾಟಲಿ ಬಚ್ಚಿಟ್ಟಿದ್ದಾನೆ” ಎಂದಳು ಗ್ಲೆನಿಸ್.

“ರಾತ್ರಿ ತುಂಬಾ ಸಲ ಏಳ್ತೀರಾ? ಬಾಯಾರಿಕೆ? ಕಾಲು ಜೋಮು?”

“ಅದು ಬೂಟು ಬಿಗಿ.”

“ನಾನಿದನ್ನೂ ಡಾಕ್ಟರಿಗೆ ಕಳಿಸ್ತೀನಿ” ಎಂದಳು ಫರ್ಹಾನಾ. ಈ ಸಲ ಪರವಾಗಿಲ್ವಾ ಎಂದು ಅವಳು ಕೇಳಿದ ದನಿಯಲ್ಲಿ ಬೇಡ ಎನ್ನಲು ಜಾಗವೇ ಇರಲಿಲ್ಲ. ಅವನು ತಲೆಯಾಡಿಸಿದ.

ಸೋಮವಾರ ಡಾಕ್ಟರ್ ಪ್ರಿಂಗಲ್ ಮುಂದೆ ನೆವಿಲ್ ಮತ್ತೆ ಕೂತ. ಗ್ಲೆನಿಸ್ ಪಕ್ಕದಲ್ಲಿದ್ದಳು, ಆಮೇಲೆ ನಮಗೆಲ್ಲ ಹೇಳಿದವಳೂ ಅವಳೇ.

“ನಿಮ್ಮ ಲಿವರ್ ಪಾದ್ರಿಗಳದ್ದಕ್ಕಿಂತ ಶುದ್ಧವಾಗಿದೆ” ಎಂದರು ಡಾಕ್ಟರು. “ನಾನು ನಿಮ್ಮ ಮಾತು ನಂಬಲಿಲ್ಲ. ತಪ್ಪಾಯ್ತು.”

ನೆವಿಲ್ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಾಲು ಮೇಲೆ ಕಾಲು ಹಾಕಿದ.

“ಆದ್ರೆ ನಿಮ್ಮ ರಕ್ತದಲ್ಲಿ ಹರೀತಿರೋದು ಜಾಮು. ಸಕ್ಕರೆ ಕಾಯಿಲೆ ಇದೆ ನಿಮಗೆ. ಒಂದೆರಡು ವರ್ಷದಿಂದಲೇ ಇರ್ಬೇಕು. ಬೂಟು ಬಿಚ್ಚಿ.”

ಡಾಕ್ಟರು ಒಂದು ತೆಳುವಾದ ಎಳೆಯಿಂದ ಬಲಪಾದದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಗೊತ್ತಾಗುತ್ತಾ ಎಂದು ಕೇಳಿದರು. ಎರಡು ಬೆರಳಿಗೆ ಅವನು ಸುಮ್ಮನಿದ್ದ. ಮುಟ್ಟಿದ್ದೇ ಅವನಿಗೆ ತಿಳಿದಿರಲಿಲ್ಲ. ಕಾಲು ಮೇಲಿನ ಕಾಲು ಇಳಿಯಿತು.

“ಇನ್ನೊಂದು ವರ್ಷ ಹೀಗೇ ಬಿಟ್ಟಿದ್ರೆ, ಆ ಇಳಿಜಾರಲ್ಲಿ ಬ್ರೇಕ್ ಮೇಲೆ ಕಾಲಿದೆಯೋ ಇಲ್ವೋ ಅಂತ ನಿಮಗೇ ಗೊತ್ತಾಗ್ತಿರಲಿಲ್ಲ. ನೀವಾಗಿ ನನ್ನ ಹತ್ರ ಬರೋರಲ್ಲ. ಆ ಹುಡುಗಿ ಕಳಿಸಿದ ಸುಳ್ಳು ಬರದೇ ಇದ್ದಿದ್ರೆ ನಾನು ರಕ್ತ ತೆಗೆಸ್ತಾನೂ ಇರಲಿಲ್ಲ.”

ನೆವಿಲ್ ಆ ಎರಡು ಬೆರಳನ್ನು ತಾನೇ ಚಿವುಟಿ ನೋಡಿಕೊಂಡ. ಆಮೇಲೆ ಮುಖ ಎತ್ತಿ, “ಸರಿ. ಮಾತ್ರೆ ನುಂಗ್ತೀನಿ, ಶರಬತ್ತು ಬಿಡ್ತೀನಿ. ಆದ್ರೆ ಆ ನಲವತ್ತನಾಲ್ಕು ಪೈಂಟು ಅಳಿಸಿ” ಎಂದ.

“ಅಳಿಸೋಕೆ ಬರಲ್ಲ. ತಪ್ಪು ಅಂತ ಕೆಳಗೆ ಬರೀಬಹುದು.”

“ಹಾಗಾದ್ರೆ ನಾನು ಹೇಳಿದ ಹಾಗೆ ಬರೀರಿ.”

“ನಾನು ನೋಡಿದ ಹಾಗೆ ಬರೀತೀನಿ.” ಡಾಕ್ಟರು ಟೈಪ್ ಮಾಡಿ ಪರದೆ ತಿರುಗಿಸಿದರು. *ಮೇಲಿನ ಅಂಕಿಗಳು ತಪ್ಪು. ರೋಗಿ ಸ್ನೇಹಿತನೆದುರು ಬಡಾಯಿ ಕೊಚ್ಚಿದ್ದು.*

“ಬಡಾಯಿ ಅನ್ನೋ ಪದ ಬೇಡ.”

“ಬೇರೆ ಯಾವ ಪದ?”

ಅವನು ಹತ್ತು ನಿಮಿಷ ಯೋಚಿಸಿದನಂತೆ. ಹೊರಗೆ ಕಾಯುತ್ತಿದ್ದವರು ಕೆಮ್ಮತೊಡಗಿದರಂತೆ. “ಇರ್ಲಿ ಬಿಡಿ” ಎಂದನಂತೆ ಕೊನೆಗೆ. “ಆದ್ರೆ ಆ ಸಹಿ ಹಾಕಿಸ್ಕೊಂಡೇ ನಾನು ಏಳೋದು.”

ಸಹಿ ಅಂದು ಆಗಲಿಲ್ಲ. ಮಾತ್ರೆ ಹಿಡಿದು, ಪಾದ ಇನ್ನೊಮ್ಮೆ ನೋಡಿ, ಆರು ವಾರದ ಮೇಲೆ ಆಯಿತು. ಆ ಆರು ವಾರ ನಾವು ಹನ್ನೊಂದು ಜನ ಬೇರೆಯವನ ಬಸ್ಸು ಹತ್ತಲಿಲ್ಲ. ವೈನ್‌ರೈಟ್ ಮೂರು ಪತ್ರ ಬರೆದ; ಐಡಾ ಮೂರನ್ನೂ ತಲೆಕೆಳಗಾಗಿ ಹಿಡಿದು ಓದಿದಂತೆ ಮಾಡಿ ಹಿಂದಿರುಗಿಸಿದಳು. ಕೊನೆಗೆ ಊಟದ ಕ್ಲಬ್ಬಿನವರೇ ಸೋತು ಪಾತ್ರೆಗಳನ್ನು ಹೊತ್ತು ಬೆಟ್ಟ ಹತ್ತಿ ಬಂದರು. ಪಾತ್ರೆ ಹೊರುವವರಲ್ಲಿ ಸಗ್ಡನ್ ಕೂಡ ಇದ್ದ. ನೆವಿಲ್‌ನ ಜೊತೆ ಅವನು ಮೂರು ವಾರ ಮಾತು ಬಿಟ್ಟಿದ್ದ. ನಾಲ್ಕನೆಯ ವಾರದ ಗುರುವಾರ ಎಂದಿನ ದನಿಯಲ್ಲಿ, “ನಿನ್ನ ಕಾಲ್ಬೆರಳು ಹೇಗಿದೆಯೋ, ಮೋಸಗಾರಾ?” ಎಂದು ಬೀದಿಯ ಆ ತುದಿಯಿಂದ ಕೂಗಿದ. ಅಲ್ಲಿಗೆ ರಾಜಿಯಾಯಿತು.

ಆಗಸ್ಟಿನ ಕೊನೆಯ ಗುರುವಾರ ನೆವಿಲ್ ಮತ್ತೆ ಚಕ್ರದ ಮುಂದೆ ಕೂತ. ಕನ್ನಡಿ ಸರಿಪಡಿಸಿಕೊಂಡು, ಬ್ರೇಕನ್ನು ಮೂರು ಸಲ ಒತ್ತಿ ನೋಡಿ, ಹೊರಟ. ಹಳೆಯ ಗಿರಣಿಯ ತಿರುವು, ಚರ್ಚಿನ ತಿರುವು ಎಲ್ಲ ಬೆಣ್ಣೆಯಲ್ಲಿ ಚಾಕು ಇಳಿದಂತೆ ದಾಟಿದ. ನಮಗೆಲ್ಲ ತೃಪ್ತಿ. ಐಡಾ ಮಾತ್ರ ಮುಂದಿನ ಸಾಲಿನಲ್ಲಿ ಗೊಣಗಿದಳು.

“ಕುಡಿಯೋವಾಗ್ಲೇ ಚೆನ್ನಾಗಿ ಓಡ್ಸ್ತಿದ್ದ.”

ಬಸ್ಸು ನಿಂತಿತು. ಕಡಿದಾದ ಇಳಿಜಾರಿನ ನಟ್ಟನಡುವೆ, ಒಂದು ಕುಲುಕಿಲ್ಲದೆ. ನೆವಿಲ್ ಎಂಜಿನ್ ಆರಿಸಿ, ಕೈಬ್ರೇಕ್ ಎಳೆದು, ಹಿಂದಕ್ಕೆ ತಿರುಗಿದ.

“ನಾನು ಕುಡೀತಿರಲಿಲ್ಲ.”

“ಅದೇನೋ ಅಪ್ಪಾ. ಎಲ್ಲರೂ ಹಾಗೇ ಹೇಳ್ತಾರೆ.”

“ನಾನು ಚೆನ್ನಾಗಿ ಓಡಿಸ್ತೀನಿ ಅಂತ ಹೇಳು. ಕುಡೀದೇನೇ ಚೆನ್ನಾಗಿ ಓಡಿಸ್ತೀನಿ ಅಂತ. ಹೇಳೋವರೆಗೂ ಬಸ್ಸು ಹೊರಡಲ್ಲ.”

ಐಡಾ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕಿಟಕಿಯಾಚೆ ನೋಡತೊಡಗಿದಳು. ತನ್ನ ಗಂಡನನ್ನೇ ಅವಳು ಒಮ್ಮೆಯೂ ಹೊಗಳಿದವಳಲ್ಲ. ಅವನು ಸತ್ತಾಗಲೂ, ‘ಸಮಯಕ್ಕೆ ಸರಿಯಾಗಿ ಹೋದ’ ಎಂದಿದ್ದಳಂತೆ. ಹಿಂದೆ ಒಂದು ಕಾರು ನಿಂತಿತು, ಆಮೇಲೆ ಹಾಲಿನ ಗಾಡಿ, ಆಮೇಲೆ ಒಂದು ಟ್ರ್ಯಾಕ್ಟರು. ಹಾರನ್ನುಗಳು ಶುರುವಾದವು. ನೆವಿಲ್ ಕೈಕಟ್ಟಿ ಕೂತ. ಅವರಿಬ್ಬರಲ್ಲಿ ಒಬ್ಬರಾದರೂ ಸೋಲುವ ಮೊದಲು ಚಳಿಗಾಲ ಬರಬಹುದೆಂದು ನಮಗೆ ಖಾತ್ರಿಯಾಗಿತ್ತು. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ. ಸುಮ್ಮನೆ ಟಾಫಿ ಹಂಚಿಕೊಂಡು ತಿಂದೆವು.

ಹದಿನಾಲ್ಕನೆಯ ನಿಮಿಷಕ್ಕೆ ಐಡಾ ಗಂಟಲು ಸರಿಪಡಿಸಿಕೊಂಡಳು. ಮುಖ ಮಾತ್ರ ತಿರುಗಿಸಲಿಲ್ಲ.

“ನಿಲ್ಲಿಸೋದಂತೂ ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ” ಎಂದಳು.

ನೆವಿಲ್ ಅದನ್ನು ಒಂದು ಕ್ಷಣ ತೂಗಿ ನೋಡಿದ. ಆಮೇಲೆ ಕೀಲಿ ತಿರುಗಿಸಿದ.